ಫೌಜಾ ಸಿಂಗ್ ಓಡಿದ್ದು ಒಬ್ಬರೇ ಅಲ್ಲ

ಫೌಜಾ ಸಿಂಗ್ ಅವರ ಕಥೆ ಹೇಳುವಾಗ ಎಲ್ಲರೂ ಅವರ ಕಾಲಿನ ಬಗ್ಗೆ, ಊಟದ ಬಗ್ಗೆ ಮಾತಾಡುತ್ತಾರೆ. 89ನೇ ವಯಸ್ಸಿಗೆ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್. 100ನೇ ವಯಸ್ಸಿಗೆ ಟೊರೊಂಟೊದಲ್ಲಿ ಇನ್ನೊಂದು. ತಿನ್ನುತ್ತಿದ್ದುದು ಫುಲ್ಕಾ, ಬೇಳೆ, ಸೊಪ್ಪು, ಮೊಸರು, ಕುಡಿಯುತ್ತಿದ್ದುದು ಶುಂಠಿ ಚಹಾ. ಇಷ್ಟು ಕೇಳಿ, ಪಂಜಾಬಿನ ಗಟ್ಟಿ ಜೀವ ಬಿಡಪ್ಪಾ, ನಮ್ಮ ಕೈಲಾಗೋದಲ್ಲ ಅಂದುಕೊಂಡು ಮುಂದಕ್ಕೆ ಹೋಗಿಬಿಡುತ್ತೇವೆ.

ನಾನು ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಲು ಕೂತಿದ್ದು ಬೇರೆ ಕಾರಣಕ್ಕೆ. ಕೆಲಸ, ಸಂಗಾತಿ, ಊರು ಮೂರನ್ನೂ ಕೆಲವೇ ವರ್ಷಗಳಲ್ಲಿ ಕಳಕೊಂಡ ಒಬ್ಬ ವಯಸ್ಸಾದ ಮನುಷ್ಯ ಮತ್ತೆ ಹೇಗೆ ಎದ್ದು ಓಡಾಡುವಂತಾದರು ಅನ್ನೋದಕ್ಕೆ ಇಷ್ಟು ಚೆನ್ನಾಗಿ ದಾಖಲಾದ ಉದಾಹರಣೆ ಬೇರೆ ಸಿಗುವುದು ಕಷ್ಟ. ಓಟ ಅಷ್ಟು ಮುಖ್ಯ ಅಲ್ಲ. ಓಟದ ಜೊತೆ ಬಂದ ಜನ ಮುಖ್ಯ. ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಸ್ಥಿತಿ ಇದೆ. ಹಾಸನದಿಂದಲೋ ಹಾವೇರಿಯಿಂದಲೋ ಬೆಂಗಳೂರಿನ ಹನ್ನೆರಡನೇ ಮಹಡಿಯ ಫ್ಲಾಟಿಗೆ ಬಂದ ಅಪ್ಪ, ನ್ಯೂಜೆರ್ಸಿಯ ಮಗಳ ಮನೆಗೆ ಆರು ತಿಂಗಳಿಗೆಂದು ಹೋಗಿ ಬೆಳಗಿಂದ ಸಂಜೆ ತನಕ ಕಿಟಕಿ ನೋಡುತ್ತಾ ಕೂರುವ ಅಮ್ಮ, ಇವರೆಲ್ಲ ನಿಂತಿರುವ ಜಾಗದಲ್ಲೇ ಫೌಜಾ ಸಿಂಗ್ ಕೂಡ ಒಂದು ಕಾಲಕ್ಕೆ ನಿಂತಿದ್ದರು.

ಮೊದಲು ಹಿನ್ನೆಲೆ. ಪಾಸ್‌ಪೋರ್ಟ್ ಪ್ರಕಾರ ಅವರು ಹುಟ್ಟಿದ್ದು 1911ರ ಏಪ್ರಿಲ್ 1ರಂದು, ಜಲಂಧರ್ ಹತ್ತಿರದ ಬಿಯಾಸ್ ಪಿಂಡ್ ಅನ್ನೋ ಹಳ್ಳಿಯಲ್ಲಿ. ಚಿಕ್ಕಂದಿನಲ್ಲಿ ಕಾಲು ಎಷ್ಟು ಸಣಕಲು ಅಂದರೆ ಐದು ವರ್ಷದ ತನಕ ನಡೆಯಲೇ ಇಲ್ಲ. ಊರಿನ ಹುಡುಗರು 'ಡಂಡಾ' ಅಂತ, ಅಂದರೆ ಕೋಲು ಅಂತ ಕರೆದು ರೇಗಿಸುತ್ತಿದ್ದರು. ಆಮೇಲೆ ಬೇಸಾಯಕ್ಕೆ ಇಳಿದರು. ಹರೆಯದಲ್ಲಿ ಸ್ವಲ್ಪ ಓಡುತ್ತಿದ್ದರಂತೆ, 1947ರ ದೇಶ ವಿಭಜನೆ ಹೊತ್ತಿಗೆ ಅದೂ ನಿಂತಿತು. ಓದು ಬರಹ ಕಲಿಯಲಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಹೆಚ್ಚಿನವರು ಹೊರದೇಶಕ್ಕೆ ಹೋದರು.

1992ರಲ್ಲಿ ಹೆಂಡತಿ ಜ್ಞಾನ್ ಕೌರ್ ತೀರಿಕೊಂಡರು. 1994ರಲ್ಲಿ ಮಗ ಕುಲ್‌ದೀಪ್ ಅಪಘಾತದಲ್ಲಿ ಹೋದರು. ಒಬ್ಬ ಮಗಳನ್ನು ಬಾಣಂತನದಲ್ಲಿ ಕಳಕೊಂಡಿದ್ದರು. ಈ ವರ್ಷಗಳಲ್ಲೇ ಅವರು ಪೂರ್ವ ಲಂಡನ್ನಿನ ಇಲ್‌ಫರ್ಡ್‌ನಲ್ಲಿದ್ದ ಮಗನ ಮನೆ ಸೇರಿದ್ದು. ಎಂಬತ್ತು ದಾಟಿದ ವಯಸ್ಸು, ಪಂಜಾಬಿ ಬಿಟ್ಟು ಬೇರೆ ಭಾಷೆ ಬರದು, ಹೊರಗೆ ಚಳಿ.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ, ಯಾಕಂದ್ರೆ ಇಡೀ ಪ್ರಕರಣದ ಗಂಟು ಇರೋದು ಇಲ್ಲೇ. ಹಳ್ಳಿಯ ರೈತ ಒಬ್ಬ ದಿನಕ್ಕೆ ಎಷ್ಟು ನಡೆಯುತ್ತಾನೆ ಯೋಚಿಸಿ. ಹೊಲಕ್ಕೆ ಹೋಗಬೇಕು, ನೀರು ತಿರುಗಿಸಬೇಕು, ದನ ಕಟ್ಟಬೇಕು, ಗುರುದ್ವಾರಕ್ಕೆ ಹೋಗಬೇಕು, ಯಾರದೋ ಮನೆ ಕೆಲಸಕ್ಕೆ ಕೈ ಜೋಡಿಸಬೇಕು. ಇದನ್ನು ಯಾರೂ ವ್ಯಾಯಾಮ ಅನ್ನೋದಿಲ್ಲ. ನಡೆದ ದಾರಿಯಲ್ಲಿ ನಾಲ್ಕು ಜನ ಸಿಗುತ್ತಾರೆ, ಮಾತಾಡುತ್ತಾರೆ. ಅದನ್ನು ಯಾರೂ ಸಾಮಾಜಿಕ ಸಂಪರ್ಕ ಅನ್ನೋದಿಲ್ಲ. ಅವರಿಗೆ ಅವೆರಡೂ ಒಂದೇ ಕೆಲಸದ ಎರಡು ಮುಖ. ಹಾಗಾಗಿ ಕೆಲಸ ಮತ್ತು ಊರು ತಪ್ಪಿದಾಗ ಎರಡೂ ಒಟ್ಟಿಗೇ ತಪ್ಪಿಹೋದವು. ನಾವು ಮಾಡೋದೇನು? ಎರಡನ್ನೂ ಬೇರೆ ಬೇರೆ ಮಾಡಿ ಕೊಡಲು ನೋಡುತ್ತೇವೆ. ನಡೆಯೋದಕ್ಕೆ ಒಂದು ಟ್ರೆಡ್‌ಮಿಲ್, ಮಾತಿಗೆ ಒಂದು ಮೊಬೈಲು. ಟ್ರೆಡ್‌ಮಿಲ್ ಮೇಲೆ ಸ್ವಲ್ಪ ದಿನದಲ್ಲಿ ಬಟ್ಟೆ ಒಣಗುತ್ತದೆ, ಆಗ ಅಪ್ಪನಿಗೆ ಶಿಸ್ತಿಲ್ಲ ಅಂತ ನಾವೇ ತೀರ್ಮಾನ ಮಾಡುತ್ತೇವೆ. ಅದು ಸರಿಯಲ್ಲ. ಒಟ್ಟಿಗೆ ಹೋದದ್ದು ಒಟ್ಟಿಗೇ ಬರಬೇಕು, ಬಿಡಿ ಬಿಡಿಯಾಗಿ ಬರೋದಿಲ್ಲ.

ಫೌಜಾ ಸಿಂಗ್ ವಿಷಯದಲ್ಲಿ ಅದು ಒಟ್ಟಿಗೇ ಬಂತು. ಮಗ ಹೋದ ದುಃಖದಲ್ಲಿ, 1995ರ ಹೊತ್ತಿಗೆ ಅವರು ಮತ್ತೆ ಓಡಲು ಶುರು ಮಾಡಿದರು. ಇಪ್ಪತ್ತು ಕಿಲೋಮೀಟರ್ ತನಕ ಓಡುವಷ್ಟು ಆದ ಮೇಲೆ ಮ್ಯಾರಥಾನ್ ಓಡಬೇಕು ಅನಿಸಿತು. ಮ್ಯಾರಥಾನ್ ಅಂದರೆ 26 ಕಿಲೋಮೀಟರ್ ಅಂತ ಅವರು ತಿಳಿದಿದ್ದರು. ನಿಜದಲ್ಲಿ ಅದು 26 ಮೈಲಿ, ಅಂದರೆ 42 ಕಿಲೋಮೀಟರಿಗೂ ಜಾಸ್ತಿ. ಅದು ಗೊತ್ತಾದ ಮೇಲೂ ಹಿಂದೆ ಸರಿಯಲಿಲ್ಲ, ಅಭ್ಯಾಸ ಇನ್ನೂ ಗಟ್ಟಿಯಾಯಿತು. ಲಂಡನ್ನಿನ ರೆಡ್‌ಬ್ರಿಜ್‌ನಲ್ಲಿ ಮೊದಲ ದಿನ ತರಬೇತಿಗೆ ಬಂದಾಗ ಅವರು ಹಾಕಿಕೊಂಡಿದ್ದು ತ್ರೀ ಪೀಸ್ ಸೂಟು. ಈ ಪ್ರಸಂಗವನ್ನು ಜನ ನಗುತ್ತಾ ಹೇಳುತ್ತಾರೆ. ನನಗೆ ಅದರಲ್ಲಿ ಕಾಣೋದು ಬೇರೆ. ಹೊರಗೆ ಹೋಗಿ ನಾಲ್ಕು ಜನರ ಮುಂದೆ ನಿಲ್ಲುವ ಸಂದರ್ಭ ಬಂತಲ್ಲ, ಅದಕ್ಕೆ ತಕ್ಕ ಹಾಗೆ ಅವರು ತಯಾರಾಗಿ ಬಂದಿದ್ದರು. ಮನೆಯಲ್ಲಿ ಲುಂಗಿಯಲ್ಲೇ ದಿನ ಕಳೆಯುವ ನಮ್ಮ ಹಿರಿಯರು ಯಾರದೋ ಮದುವೆ ಅಂದ ಕೂಡಲೇ ಇಸ್ತ್ರಿ ಮಾಡಿದ ಅಂಗಿ ಹುಡುಕುತ್ತಾರಲ್ಲ, ಮುಖದ ಕಳೆಯೇ ಬದಲಾಗುತ್ತದಲ್ಲ, ಹಾಗೆ.

ಅವರನ್ನು ತರಬೇತಿಗೆ ತೆಗೆದುಕೊಂಡವರು ಹರ್ಮಂದರ್ ಸಿಂಗ್. ತಾವೂ ಮ್ಯಾರಥಾನ್ ಓಡುವವರು, ವಯಸ್ಸಿನಲ್ಲಿ ಫೌಜಾ ಸಿಂಗ್‌ಗಿಂತ ದಶಕಗಳಷ್ಟು ಚಿಕ್ಕವರು. ಬಟ್ಟೆ, ಶೂ ಇಂದ ಹಿಡಿದು ಎಲ್ಲವನ್ನೂ ಅವರೇ ಬದಲಾಯಿಸಿದರು. ಮುಂದೆ ಪತ್ರಕರ್ತರು ಬಂದಾಗ ಪಂಜಾಬಿಯಿಂದ ಇಂಗ್ಲಿಷಿಗೆ ಮಾತು ದಾಟಿಸಿದವರೂ ಅವರೇ. 2000ದ ಲಂಡನ್ ಮ್ಯಾರಥಾನನ್ನು ಫೌಜಾ ಸಿಂಗ್ 6 ಗಂಟೆ 54 ನಿಮಿಷದಲ್ಲಿ ಮುಗಿಸಿದರು. 2003ರಲ್ಲಿ, 92ನೇ ವಯಸ್ಸಿಗೆ, ಟೊರೊಂಟೊದಲ್ಲಿ ಅದು 5 ಗಂಟೆ 40 ನಿಮಿಷಕ್ಕೆ ಇಳಿಯಿತು. 2011ರ ಅಕ್ಟೋಬರ್‌ನಲ್ಲಿ ಮತ್ತೆ ಟೊರೊಂಟೊ, ಈ ಸಲ ಎಂಟು ಗಂಟೆಗೂ ಜಾಸ್ತಿ ಬೇಕಾಯಿತು, ಆದರೆ ಗುರಿ ಮುಟ್ಟಿದರು. 2013ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗಿನಲ್ಲಿ 10 ಕಿಲೋಮೀಟರ್ ಓಡಿ ಸ್ಪರ್ಧೆ ಸಾಕು ಅಂದರು. ದಾಖಲೆಗಳ ಪಟ್ಟಿ ಇನ್ನೂ ಉದ್ದ ಇದೆ, ಅದನ್ನೆಲ್ಲ ಇಲ್ಲಿ ತುಂಬಿಸೋದಿಲ್ಲ.

ನನಗೆ ಕಾಡಿದ ಪ್ರಶ್ನೆ ಬೇರೆ. 89ರಿಂದ 101ರ ತನಕ, ಹನ್ನೆರಡು ವರ್ಷ, ಅವರು ಬಿಡದೆ ಹೇಗೆ ಮಾಡಿದರು? ಛಲ ಅಂತ ಒಂದು ಉತ್ತರ ಇದೆ. ಇತ್ತು, ಒಪ್ಪೋಣ. ಆದರೆ ಛಲ ಇರುವ ಎಷ್ಟೋ ಹಿರಿಯರು ಮೂರೇ ವಾರಕ್ಕೆ ವಾಕಿಂಗ್ ಬಿಟ್ಟಿದ್ದಾರೆ. ಫೌಜಾ ಸಿಂಗ್ ಸುತ್ತ ಏನಿತ್ತು ನೋಡಿ. ಒಬ್ಬ ಕೋಚ್ ಇದ್ದರು, ತಮ್ಮ ಭಾಷೆ ಆಡುವವರು. ಇವತ್ತು ಬರಲಿಲ್ಲ ಅಂದರೆ ಯಾಕೆ ಬರಲಿಲ್ಲ ಅಂತ ಕೇಳಲು ಒಬ್ಬ ಮನುಷ್ಯ ಇದ್ದರು ಅಂತ ಅರ್ಥ. ಒಂದು ಗುಂಪಿತ್ತು. 'ಸಿಖ್ಸ್ ಇನ್ ದ ಸಿಟಿ' ಅನ್ನೋ ಆ ಓಟಗಾರರ ಗುಂಪಿನಲ್ಲಿ ವಯಸ್ಸಾದ ಇನ್ನೂ ಕೆಲವರು ಸೇರಿ ಎಡಿನ್‌ಬರೋ ಮ್ಯಾರಥಾನಿನಲ್ಲಿ ರಿಲೇ ತಂಡವಾಗಿಯೂ ಓಡಿದರು. ರಿಲೇಯಲ್ಲಿ ನೀವು ಕೈಕೊಟ್ಟರೆ ಮುಂದಿನವನು ನಿಂತೇ ಇರಬೇಕಾಗುತ್ತದೆ. ಒಂದು ದಿನಾಂಕ ಇತ್ತು, ಓಟದ ದಿನ, ಅದನ್ನು ಮುಂದಕ್ಕೆ ಹಾಕಲು ಆಗುವುದಿಲ್ಲ. ಇದೆಲ್ಲದರ ಮೇಲೆ ಒಂದು ಉದ್ದೇಶ ಇತ್ತು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ನೆರವಾಗುವ 'ಬ್ಲಿಸ್' ಅನ್ನೋ ಸಂಸ್ಥೆಗೆ ಹಣ ಕೂಡಿಸಲು ಅವರು ಓಡುತ್ತಿದ್ದರು. ಸ್ವಂತ ಮಗ, ಮಗಳನ್ನು ಕಳಕೊಂಡ ಅಜ್ಜ ಯಾರದೋ ಹಸುಗೂಸಿಗಾಗಿ ಓಡುವುದು ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ನಿವೃತ್ತರಿಗೆ ನಾವು 'ನಿಮ್ಮ ಆರೋಗ್ಯಕ್ಕೆ ಒಳ್ಳೇದು, ನಡೀರಿ' ಅನ್ನುತ್ತೇವೆ. ಜೀವನಪೂರ್ತಿ ಬೇರೆಯವರಿಗಾಗಿ ದುಡಿದವರಿಗೆ 'ನಿಮಗಾಗಿ ಮಾಡಿಕೊಳ್ಳಿ' ಅನ್ನೋ ಮಾತು ತಟ್ಟೋದೇ ಇಲ್ಲ. ಯಾರಿಗೋ ನಾನು ಬೇಕು ಅನ್ನೋದು ತಟ್ಟುತ್ತದೆ.

ಮೊದಲ 20 ಮೈಲಿ ಕಷ್ಟ ಅಲ್ಲ, ಕೊನೆಯ ಆರು ಮೈಲಿಯನ್ನು ದೇವರ ಜೊತೆ ಮಾತಾಡಿಕೊಂಡು ಓಡುತ್ತೇನೆ ಅಂತ ಅವರು ಹೇಳುತ್ತಿದ್ದರು. ಪಕ್ಕದಲ್ಲಿ ಯಾರೂ ಇಲ್ಲದ ಹೊತ್ತಿಗೂ ಅವರು ಒಂದು ಜೊತೆ ಹುಡುಕಿಕೊಂಡಿದ್ದರು.

ಒಬ್ಬರ ಕಥೆ ಇಟ್ಟುಕೊಂಡು ಎಲ್ಲರಿಗೂ ಅನ್ವಯಿಸೋದು ತಪ್ಪು. ಆದರೆ ಈ ಅಂಶಕ್ಕೆ ದೊಡ್ಡ ಅಧ್ಯಯನಗಳ ಬೆಂಬಲವೂ ಇದೆ. 2010ರಲ್ಲಿ ಅಮೆರಿಕದ ಜೂಲಿಯನ್ ಹೋಲ್ಟ್-ಲುನ್‌ಸ್ಟಡ್ ಮತ್ತು ಜೊತೆಯವರು 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದರು. ಒಡನಾಟ ಗಟ್ಟಿಯಾಗಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚಿತ್ತು. ಜಪಾನಿನ ಐಚಿ ಪ್ರಾಂತದಲ್ಲಿ 65 ದಾಟಿದ ಸಾವಿರಾರು ಜನರನ್ನು ನಾಲ್ಕು ವರ್ಷ ಗಮನಿಸಿದ ಇನ್ನೊಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಒಬ್ಬರೇ ವ್ಯಾಯಾಮ ಮಾಡುವವರಿಗಿಂತ, ಯಾವುದಾದರೂ ಕ್ರೀಡಾ ಗುಂಪಿಗೆ ಸೇರಿ ಮಾಡುವವರು ಬೇರೆಯವರ ಆರೈಕೆಗೆ ಬೀಳುವುದು ಕಡಿಮೆ ಅಂತ ಅದರಲ್ಲಿ ಕಂಡುಬಂತು. ಇದನ್ನು ಓದಿದ ಮೇಲೆ ನಾನು ಯಾರ ಹತ್ತಿರವೂ 'ಎಷ್ಟು ಹೆಜ್ಜೆ ನಡೆದಿರಿ' ಅಂತ ಮೊದಲು ಕೇಳೋದಿಲ್ಲ, 'ಯಾರ ಜೊತೆ ಹೋಗ್ತೀರಿ' ಅಂತ ಕೇಳುತ್ತೇನೆ.

ಓಡಬೇಕಾಗಿಯೂ ಇಲ್ಲ, ಇದು ಮುಖ್ಯ. ಅಮೆರಿಕದಲ್ಲಿ 'ಲೈಫ್' ಅನ್ನೋ ಹೆಸರಿನ ಪ್ರಯೋಗ ನಡೆಯಿತು, ಫಲಿತಾಂಶ ಬಂದಿದ್ದು 2014ರಲ್ಲಿ. 70ರಿಂದ 89 ವರ್ಷದ 1,635 ಜನ, ಎಲ್ಲರೂ ಕೂತೇ ಕಾಲ ಕಳೆಯುವವರು, ಕಾಲಿನ ಬಲ ಆಗಲೇ ಕುಗ್ಗಿದವರು. ಅರ್ಧ ಜನಕ್ಕೆ ನಡಿಗೆ, ಕಾಲಿನ ಬಲದ ವ್ಯಾಯಾಮ, ಸಮತೋಲನದ ಅಭ್ಯಾಸ ಹೇಳಿಕೊಟ್ಟರು. ಉಳಿದರ್ಧಕ್ಕೆ ಆರೋಗ್ಯದ ಬಗ್ಗೆ ತರಗತಿ. ಸುಮಾರು ಎರಡೂವರೆ ವರ್ಷದ ಕೊನೆಗೆ, 400 ಮೀಟರ್ ನಡೆಯಲು ಆಗದ ಸ್ಥಿತಿಗೆ ಬರುವ ಅಪಾಯ ವ್ಯಾಯಾಮದ ಗುಂಪಿನಲ್ಲಿ ಶೇ 18ರಷ್ಟು ಕಡಿಮೆಯಿತ್ತು. ಗಮನಿಸಬೇಕಾದ್ದು ಏನಂದ್ರೆ, ಅವರು ವಾರಕ್ಕೆ ಎರಡು ಸಲ ಒಂದು ಕೇಂದ್ರಕ್ಕೆ ಬರಬೇಕಿತ್ತು, ಉಳಿದ ದಿನ ಮನೆಯಲ್ಲಿ. ಬರೀ ಕಾಗದದಲ್ಲಿ ಬರೆದು ಕೊಟ್ಟು ಕಳಿಸಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಕೂಡ ಅಂಥ ಭಾರವಾದದ್ದಲ್ಲ. 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ಅಭ್ಯಾಸ. ನಮ್ಮಲ್ಲಿ ವಾಕಿಂಗ್ ಮಾಡುವವರು ಎರಡನೇ ಭಾಗವನ್ನು ಪೂರ್ತಿ ಮರೆಯುತ್ತಾರೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳೋದು, ಗೋಡೆ ಹತ್ತಿರ ನಿಂತು ಒಂಟಿ ಕಾಲಿನ ಮೇಲೆ ಸ್ವಲ್ಪ ಹೊತ್ತು ತಡೆಯೋದು, ಮೆಟ್ಟಿಲು ಹತ್ತೋದು, ಇಷ್ಟೇ. ಹಿರಿಯರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ಬಿಟ್ಟು ಹೊರಬರೋದೇ ನಿಲ್ಲುತ್ತದೆ, ಅಲ್ಲಿಗೆ ಗೆಳೆಯರೂ ನಿಂತುಹೋಗುತ್ತಾರೆ. ಕಾಲು ಗಟ್ಟಿ ಇಟ್ಟುಕೊಳ್ಳೋದು ಅಂದರೆ ಗೆಳೆತನವನ್ನೂ ಉಳಿಸಿಕೊಂಡ ಹಾಗೆ.

ಈ ಪ್ರಕರಣದ ಮಿತಿಗಳನ್ನೂ ಹೇಳಲೇಬೇಕು. ಫೌಜಾ ಸಿಂಗ್ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರ ಇರಲಿಲ್ಲ, ಆಗ ಹಳ್ಳಿಗಳಲ್ಲಿ ಹಾಗೆ ಬರೆದಿಡುತ್ತಿರಲಿಲ್ಲ, ಆ ಕಾರಣಕ್ಕೆ ಗಿನ್ನೆಸ್ ಅವರ ದಾಖಲೆಯನ್ನು ಒಪ್ಪಲಿಲ್ಲ. ವಯಸ್ಸು ನಾಲ್ಕು ವರ್ಷ ಆಚೆ ಈಚೆ ಆದರೂ ನಾನು ಇಲ್ಲಿ ಹೇಳುತ್ತಿರುವ ವಿಷಯಕ್ಕೆ ತೊಂದರೆ ಇಲ್ಲ. ಅವರ ದೇಹ ಅಪರೂಪದ್ದು ಅನ್ನೋದು ಅದಕ್ಕಿಂತ ದೊಡ್ಡ ಮಿತಿ. ಎಂಬತ್ತೊಂಬತ್ತಕ್ಕೆ ಯಾರೂ ಸುಮ್ನೆ ಅವರನ್ನು ನೋಡಿ ಮ್ಯಾರಥಾನಿಗೆ ಇಳಿಯಬಾರದು. ಬಿಪಿ, ಸಕ್ಕರೆ ಕಾಯಿಲೆ, ಎದೆ ನೋವು, ಮಂಡಿ ನೋವು ಇದ್ದವರು ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಂಡೇ ನಡಿಗೆಯ ವೇಗ ಏರಿಸಬೇಕು. ಮೂರನೆಯದು, ಇಲ್‌ಫರ್ಡ್ ಸುತ್ತ ಪಂಜಾಬಿಗಳು ಬಹಳ ಇದ್ದಾರೆ, ಗುರುದ್ವಾರ ಇದೆ. ಊರು ತಪ್ಪಿದರೂ ಭಾಷೆ ತಪ್ಪಲಿಲ್ಲ. ಕನ್ನಡದವರು ವಿರಳವಾಗಿರುವ ಊರಿಗೆ ಹೋದ ನಮ್ಮ ಹಿರಿಯರಿಗೆ ಆ ಅನುಕೂಲ ಇಲ್ಲ, ಅಲ್ಲಿ ಮಕ್ಕಳು ಜಾಸ್ತಿ ಕೆಲಸ ಮಾಡಬೇಕಾಗುತ್ತದೆ.

ಇನ್ನೊಂದು ಮಿತಿ ನನಗೆ ಬಹಳ ದೊಡ್ಡದು. ಇದು ಗಂಡಸಿನ ಕಥೆ. ಅಪ್ಪನಿಗೆ ಒಂದು ದಿನ ಹಾರ ಹಾಕಿ, ಶಾಲು ಹೊದಿಸಿ ನಿವೃತ್ತಿ ಕೊಡುತ್ತಾರೆ. ಅಮ್ಮನಿಗೆ ಯಾರು ಕೊಟ್ಟಿದ್ದಾರೆ? ಅಪ್ಪ ಮನೆಯಲ್ಲಿ ಕೂತ ಮೇಲೆ ಅವರಿಗೆ ಹತ್ತು ಗಂಟೆಯ ಕಾಫಿ, ನಾಲ್ಕು ಗಂಟೆಯ ಕಾಫಿ ಅಂತ ಕೆಲಸ ಹೆಚ್ಚಾಗುತ್ತದೆ. ಮಗನ ಮನೆಗೆ ಬಂದರೆ ಮೊಮ್ಮಗು ನೋಡಿಕೊಳ್ಳುವ ಜವಾಬ್ದಾರಿ. ಇಡೀ ದಿನ ಓಡಾಡ್ತಾಳಲ್ಲ, ಅವಳಿಗ್ಯಾಕೆ ವಾಕಿಂಗ್ ಅನ್ನೋ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ. ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲೋದು ಬೇರೆ, ಗೆಳತಿಯ ಜೊತೆ ಕೈ ಬೀಸಿ ನಡೆಯೋದು ಬೇರೆ. ಊರಲ್ಲಿ ಭಜನಾ ಮಂಡಳಿ ಇತ್ತು, ಅರಿಶಿನ ಕುಂಕುಮಕ್ಕೆ ಹೋಗಿಬರುವ ಹತ್ತು ಮನೆ ಇತ್ತು, ಬೀದಿಯ ತುದಿಯ ದೇವಸ್ಥಾನ ಇತ್ತು. ಇವೆಲ್ಲ ಅವರ ನಡಿಗೆಯೂ ಹೌದು, ಮಾತುಕತೆಯೂ ಹೌದು. ಅಮ್ಮನನ್ನು ಕರೆಸಿಕೊಳ್ಳುವವರು ಸಂಜೆಯ ಒಂದು ಗಂಟೆ ಮಗು ನಮ್ಮದು ಅಂತ ಹೇಳಿ, ಅವರನ್ನು ನಿಜವಾಗಿಯೂ ಹೊರಗೆ ಬಿಡಬೇಕು. ಇದನ್ನು ಬೇಡಿಕೊಳ್ಳುವ ಸ್ಥಿತಿ ಅವರಿಗೆ ಬರಬಾರದು.

ಹಾಗಾದರೆ ಮನೆಯಲ್ಲಿ ಏನು ಮಾಡೋದು? ನನ್ನ ಮೊದಲ ಸಲಹೆ, ಏನನ್ನೂ ಹೊಸದಾಗಿ ಸೇರಿಸುವ ಮೊದಲು ಇರುವುದನ್ನು ಕಸಿಯಬೇಡಿ. ಹಾಲು ಆ್ಯಪಿನಲ್ಲಿ ಬರುತ್ತದೆ, ತರಕಾರಿ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದೆ, ಕರೆಂಟ್ ಬಿಲ್ಲು ಮೊಬೈಲಲ್ಲೇ ಕಟ್ಟುತ್ತೇವೆ, 'ನೀವ್ಯಾಕೆ ಬಿಸಿಲಲ್ಲಿ ಹೋಗ್ತೀರಪ್ಪಾ' ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಹಾಗೆ ಅಂದು ಅವರು ಹೊರಗೆ ಹೋಗಲು ಇದ್ದ ಕಾರಣಗಳನ್ನೆಲ್ಲ ಒಂದೊಂದಾಗಿ ಮುಚ್ಚಿಬಿಡುತ್ತೇವೆ. ಅಂಗಡಿಯವನ ಜೊತೆ ಎರಡು ಮಾತು, ಬ್ಯಾಂಕಿನ ಸಾಲಿನಲ್ಲಿ ಸಿಕ್ಕ ಹಳೇ ಸಹೋದ್ಯೋಗಿ, ಪೇಪರ್ ಕೊಳ್ಳುವಾಗ ರಾಜಕೀಯದ ಚರ್ಚೆ, ಇವು ಸಣ್ಣ ಸಂಗತಿಗಳಲ್ಲ. ಹಾಲಿಗೆ ಅವರೇ ಹೋಗಲಿ.

ಎರಡನೆಯದು, ಅಪ್ಪನನ್ನೇ ಕೂರಿಸಿಕೊಂಡು ಕೇಳಿ. ಊರಲ್ಲಿ ಒಂದು ದಿನ ಬೆಳಗಿಂದ ಮಲಗುವ ತನಕ ಎಲ್ಲೆಲ್ಲಿ ನಡೀತಿದ್ರಿ, ಯಾರ್ಯಾರು ಸಿಗ್ತಿದ್ರು? ಉತ್ತರದಲ್ಲೇ ಬೇಕಾದ್ದು ಇರುತ್ತದೆ. ಶಟಲ್ ಆಡುತ್ತಿದ್ದವರಿಗೆ ಬೆಳಗಿನ ಡಬಲ್ಸ್ ಗುಂಪು ಹುಡುಕಬೇಕು, ಪಾರ್ಕಿನ ಯೋಗ ತರಗತಿ ಅಲ್ಲ. ತೋಟ ಮಾಡುತ್ತಿದ್ದವರಿಗೆ ಅಪಾರ್ಟ್‌ಮೆಂಟಿನ ಹಿಂದೆ ನಾಲ್ಕು ಪಾತಿ ಕೇಳಿ ಕೊಡಿಸಬೇಕು. ಮೇಷ್ಟ್ರಾಗಿದ್ದವರಿಗೆ ಹತ್ತಿರದ ಸರ್ಕಾರಿ ಶಾಲೆಗೆ ನಡೆದು ಹೋಗಿ ಲೆಕ್ಕ ಹೇಳಿಕೊಡುವ ಕೆಲಸಕ್ಕಿಂತ ಒಳ್ಳೆಯ ವಾಕಿಂಗ್ ಇಲ್ಲ. ಮತ್ತೆ, ಮೊದಲ ವಾರ ನೀವೇ ಜೊತೆಗೆ ಹೋಗಿ. ಪಾರ್ಕಿನ ಬೆಂಚಿನ ಮೇಲೆ ಆಗಲೇ ಕೂತು ಹರಟುವ ಗುಂಪಿನ ಹತ್ತಿರ ಹೋಗಿ 'ನಾನು ಇಂಥವನು, ಈ ಊರಿಂದ ಬಂದೆ' ಅಂತ ಪರಿಚಯ ಮಾಡಿಕೊಳ್ಳೋದು ಎಪ್ಪತ್ತರ ವಯಸ್ಸಿನಲ್ಲಿ ಸುಲಭ ಅಲ್ಲ, ಹಳೇ ಊರಲ್ಲಿ ಎಲ್ಲರೂ ಅವರನ್ನೇ ಗುರುತಿಸಿ ನಮಸ್ಕಾರ ಮಾಡುತ್ತಿದ್ದರು, ಇಲ್ಲಿ ಅವರೇ ಮೊದಲು ನಗಬೇಕು. ನೀವು ಜೊತೆಗಿದ್ದು ಆ ಮೊದಲ ಮಾತು ಆಡಿಸಿಕೊಟ್ಟರೆ ಮುಂದಿನದು ನಡೆಯುತ್ತದೆ. ಮಕ್ಕಳು ಯಾರೂ ಹತ್ತಿರ ಇಲ್ಲದವರು 14567ಕ್ಕೆ ಕರೆ ಮಾಡಬಹುದು, ಹಿರಿಯ ನಾಗರಿಕರಿಗೆಂದೇ ಇರುವ ಸಹಾಯವಾಣಿ ಅದು.

ಫೌಜಾ ಸಿಂಗ್ ಸ್ಪರ್ಧೆ ಬಿಟ್ಟ ಮೇಲೂ ನಡಿಗೆ ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಹುಟ್ಟಿದ ಹಳ್ಳಿಯಲ್ಲೇ ಇದ್ದರು. 2025ರ ಜುಲೈ 14ರಂದು, ಊರಿನ ಹತ್ತಿರದ ಹೆದ್ದಾರಿ ದಾಟುವಾಗ ಕಾರು ಬಡಿದು ತೀರಿಕೊಂಡರು. ಆಗ ಅವರಿಗೆ 114 ವರ್ಷ. ಕಾಯಿಲೆ ಅವರನ್ನು ಮಂಚಕ್ಕೆ ಕೆಡವಲಿಲ್ಲ, ರಸ್ತೆ ಕೊಂದಿತು. ಹಿರಿಯರು ನಡೆಯಲಿ ಅಂತ ಬಯಸುವ ನಾವು ಅವರಿಗೆ ದಾಟಲು ಒಂದು ಸುರಕ್ಷಿತ ಜಾಗ, ಕಾಲಿಟ್ಟರೆ ಅಲುಗಾಡದ ಫುಟ್‌ಪಾತ್ ಚಪ್ಪಡಿ ಕೊಡಬೇಕಲ್ವಾ? ಇದನ್ನು ಕೇಳಬೇಕಾದ್ದು ಪಾಲಿಕೆಯನ್ನು, ಪಂಚಾಯಿತಿಯನ್ನು, ಮತ್ತೆ ಮತ್ತೆ ಕೇಳಬೇಕು.

ಕೊನೆಯದಾಗಿ ಹರ್ಮಂದರ್ ಸಿಂಗ್ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ಈ ಪ್ರಕರಣದಲ್ಲಿ ನಾವು ಮಾಡಬಹುದಾದ ಪಾತ್ರ ಅವರದು. ಎಲ್ಲರೂ ಎಪ್ಪತ್ತೈದು ದಾಟಿದವರೇ ಇರುವ ಗುಂಪುಗಳು ನಿಧಾನಕ್ಕೆ ಕರಗುತ್ತವೆ. ಒಬ್ಬರು ಮಗನ ಊರಿಗೆ ಹೋಗುತ್ತಾರೆ, ಒಬ್ಬರಿಗೆ ಮಂಡಿ ಆಪರೇಷನ್, ಒಬ್ಬರು ತೀರಿಕೊಳ್ಳುತ್ತಾರೆ, ಉಳಿದಿಬ್ಬರಿಗೆ ಬರಲು ಮನಸ್ಸಾಗುವುದಿಲ್ಲ. ಗುಂಪಿನಲ್ಲಿ ನಲವತ್ತು ಐವತ್ತರ ಒಬ್ಬರಾದರೂ ಇದ್ದರೆ, ಬಾರದವರಿಗೆ ಫೋನು ಮಾಡುವ, ಹೊಸಬರನ್ನು ಕರೆತರುವ, ವರ್ಷಕ್ಕೊಮ್ಮೆ ಎಲ್ಲರನ್ನೂ ನಂದಿಬೆಟ್ಟಕ್ಕೋ ಚಾಮುಂಡಿ ಬೆಟ್ಟಕ್ಕೋ ಹೊರಡಿಸುವ ಒಬ್ಬರಿದ್ದರೆ, ಅದು ಉಳಿಯುತ್ತದೆ. ನಿಮ್ಮ ಬಡಾವಣೆಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಅಂಥ ಗುಂಪು ಇದ್ದರೆ ವಾರಕ್ಕೆ ಎರಡು ಬೆಳಗ್ಗೆ ಅದಕ್ಕೆ ಕೊಡಿ. ನಿಮ್ಮ ಅಪ್ಪ ಅಮ್ಮ ಬೇರೆ ಊರಲ್ಲಿದ್ದರೂ ಸರಿ, ಇಲ್ಲಿ ಇನ್ಯಾರದೋ ಅಪ್ಪ ಅಮ್ಮ ಇರುತ್ತಾರೆ.